ಮನೆಯ ಪಿಯಾನೋಗೆ ಶ್ರುತಿ: ತಂಬೂರಿ ಕೇಳಿ ಬೆಳೆದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಮನೆಗೆ ಹಳೇ ಪಿಯಾನೋ ಬಂದ ದಿನ ಅಮ್ಮ ಅದರ ಮುಂದೆ ಕೂತು, ಒಂದೇ ಬೆರಳಲ್ಲಿ ಸ, ಗ, ಪ ಒತ್ತಿ ನೋಡಿದರು. ನಲವತ್ತು ವರ್ಷ ತಂಬೂರಿ ಮೀಟಿದ ಕೈ ಅದು. ಮುಖ ಸ್ವಲ್ಪ ಹುಳ್ಳಗಾಯಿತು. "ಇದರ ಗಾಂಧಾರ ಚುಚ್ಚುತ್ತೆ ಕಣೋ. ಯಾರನ್ನಾದ್ರೂ ಕರೆಸಿ ಶ್ರುತಿ ಮಾಡಿಸು" ಅಂದರು. ಟ್ಯೂನರ್ ಬಂದರು, ಒಂದೂವರೆ ಗಂಟೆ ಕೆಲಸ ಮಾಡಿ ಹೋದರು. ಅಮ್ಮ ಮತ್ತೆ ಒತ್ತಿದರು. ಗಾಂಧಾರ ಇನ್ನೂ ಚುಚ್ಚುತ್ತಿತ್ತು.

ಟ್ಯೂನರ್ ಏನೂ ತಪ್ಪು ಮಾಡಿರಲಿಲ್ಲ. ಪಿಯಾನೋದ ಗಾಂಧಾರ ಇರುವುದೇ ಹಾಗೆ. ಒಂದು ಸ್ಥಾಯಿಯನ್ನು 1200 ಸೆಂಟ್ಸ್ ಅಂತ ಅಳೆದರೆ, ತಂಬೂರಿಯ ನಾದದೊಳಗೆ ತಾನಾಗಿ ಕೇಳಿಸುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್ಸ್ ಮೇಲಿರುತ್ತದೆ. ಪಿಯಾನೋದಲ್ಲಿ ಅದು 400. ಹದಿನಾಲ್ಕು ಸೆಂಟ್ಸ್ ಜಾಸ್ತಿ. ಪಂಚಮ 702 ಇರಬೇಕಾದ್ದು ಇಲ್ಲಿ 700. ಹನ್ನೆರಡು ಸ್ವರಗಳಲ್ಲಿ ಯಾವುದನ್ನು ಬೇಕಾದರೂ ಷಡ್ಜ ಮಾಡಿಕೊಂಡು ನುಡಿಸಲು ಆಗಲಿ ಅಂತ, ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ್ದಾರೆ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಅನ್ಯಾಯ, ಯಾರಿಗೂ ಪೂರ್ತಿ ಅನ್ಯಾಯವಿಲ್ಲ.

ಪಿಯಾನೋ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಪಾಶ್ಚಾತ್ಯ ಪಿಯಾನೋ ಸಂಗೀತವನ್ನು ಕ್ರಮವಾಗಿ ಕಲಿತವರು. ಅವರೇ ಮುಂದೆ ಕರ್ನಾಟಕ ಸಂಗೀತದಲ್ಲಿ 90ಕ್ಕೂ ಹೆಚ್ಚು ಕೃತಿ ರಚಿಸಿದರು. ಎರಡು ಗಾಂಧಾರಗಳನ್ನೂ ಅವರು ಹೇಗೆ ಒಂದೇ ತಲೆಯಲ್ಲಿ ಇಟ್ಟುಕೊಂಡಿದ್ದರೋ ಅಂತ ನನಗೆ ಆಗಾಗ ಅನಿಸುತ್ತದೆ. ಪಿಯಾನೋ ಶ್ರುತಿ ಮಾಡಲು ಹೊರಟ ನಮ್ಮಂಥವರಿಗೂ ಅದೇ ಕಷ್ಟ. ಎರಡು ತಂತಿಗಳ ಶ್ರುತಿ ಪೂರ್ತಿ ಸೇರದಿದ್ದಾಗ ಏಳುವ ಅಲೆ ಕೇಳುವ ಕಿವಿ ನಮಗೆ ಮೊದಲೇ ಇದೆ. ಆ ಅಲೆಯನ್ನು ಎಲ್ಲಿ ಪೂರ್ತಿ ನಿಲ್ಲಿಸಬೇಕು, ಎಲ್ಲಿ ಲೆಕ್ಕ ಹಾಕಿ ಬಿಡಬೇಕು ಅನ್ನುವುದನ್ನು ಹೊಸದಾಗಿ ಕಲಿಯಬೇಕು.

ಇಲ್ಲಿ ಬರೆದಿರುವುದು ಗೋಡೆಗೆ ಆನಿಸಿ ಇಡುವ ಅಪ್‌ರೈಟ್ ಪಿಯಾನೋ ಬಗ್ಗೆ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇರುವುದು ಅದೇ. ಡಿಜಿಟಲ್ ಪಿಯಾನೋ ಇದ್ದವರಿಗೆ ಶ್ರುತಿಯ ತಲೆನೋವಿಲ್ಲ. ದೂಳು ಒರೆಸಿದರೆ ಸಾಕು.

ಒಳಗೆ ಏನಿದೆ

88 ಕೀಗಳು, ಅವಕ್ಕೆ ಸುಮಾರು 220ರಿಂದ 230 ತಂತಿಗಳು. ಎಡತುದಿಯ ತಗ್ಗಿನ ಸ್ವರಗಳಿಗೆ ತಾಮ್ರ ಸುತ್ತಿದ ಒಂದೊಂದೇ ದಪ್ಪ ತಂತಿ. ಆಮೇಲೆ ಎರಡೆರಡು. ಮಧ್ಯದಿಂದ ಬಲತುದಿಯವರೆಗೆ ಒಂದು ಕೀಗೆ ಮೂರು ತಂತಿ. ಈ ಮೂರೂ ಒಂದೇ ಶ್ರುತಿಯಲ್ಲಿ ಇರಬೇಕು. ಒಂದು ಜಾರಿದರೂ ಕೀ ಒತ್ತಿದಾಗ ಹಳೇ ಸಿನಿಮಾದ ಹೋಟೆಲ್ ಸೀನ್ ನೆನಪಾಗುತ್ತದೆ.

ಪ್ರತಿ ತಂತಿಯ ಒಂದು ತುದಿ ಉಕ್ಕಿನ ಪಿನ್‌ಗೆ ಸುತ್ತಿರುತ್ತದೆ. ವೀಣೆಯ ಬಿರಡೆ ಇದ್ದ ಹಾಗೆ. ಪಿನ್ ಕೂತಿರುವುದು ಗಟ್ಟಿ ಮರದ ಹಲಗೆಯಲ್ಲಿ. ಅದನ್ನು ಪಿನ್‌ಬ್ಲಾಕ್ ಅನ್ನುತ್ತಾರೆ. ತಂತಿ ಕುದುರೆಯ (ಬ್ರಿಜ್) ಮೇಲೆ ಹಾದು ಹೋಗುತ್ತದೆ, ಕುದುರೆ ನಾದ ಹೊಮ್ಮಿಸುವ ಹಲಗೆಯ, ಅಂದರೆ ಸೌಂಡ್‌ಬೋರ್ಡಿನ ಮೇಲೆ ಕೂತಿರುತ್ತದೆ. ಎಲ್ಲ ತಂತಿಗಳ ಎಳೆತ ಕೂಡಿಸಿದರೆ 18ರಿಂದ 20 ಟನ್ ಆಗುತ್ತದೆ. ಒಳಗಿನ ಎರಕದ ಕಬ್ಬಿಣದ ಚೌಕಟ್ಟು ಇಷ್ಟು ಭಾರ ಇರುವುದು ಇದನ್ನು ತಡೆಯಲಿಕ್ಕೇ.

ಕೈ ಹಾಕುವ ಮೊದಲು

ಮೇಲಿನ ಮುಚ್ಚಳ ಎತ್ತಿ. ಮುಂದಿನ ಹಲಗೆಯ ಎರಡೂ ಬದಿ ಒಳಗಡೆ ಚಿಲಕ ಇರುತ್ತದೆ. ತಿರುಗಿಸಿದರೆ ಹಲಗೆ ಬಿಚ್ಚಿಕೊಳ್ಳುತ್ತದೆ. ಎರಡು ಕೈಯಲ್ಲಿ ಹಿಡಿದು ಮೇಲೆತ್ತಿ ಪಕ್ಕಕ್ಕಿಡಿ. ಕಾಲಿನ ಹತ್ತಿರದ ಕೆಳಹಲಗೆಗೆ ಸಾಮಾನ್ಯವಾಗಿ ಒಂದು ಪಟ್ಟಿ ಸ್ಪ್ರಿಂಗ್ ಇರುತ್ತದೆ. ಅದನ್ನು ಮೇಲಕ್ಕೆ ಒತ್ತಿದರೆ ಹಲಗೆ ಮುಂದಕ್ಕೆ ಬರುತ್ತದೆ. ಟಾರ್ಚ್ ಹಾಕಿ ನೋಡಿ.

ತಂತಿಗಳ ಮೇಲೆ ಕೆಂಪು ತುಕ್ಕು ಪದರ ಕಟ್ಟಿದೆಯೇ? ಕಬ್ಬಿಣದ ಚೌಕಟ್ಟಿನಲ್ಲಿ ಬಿರುಕಿದೆಯೇ? ಕುದುರೆ ಸೀಳಿದೆಯೇ? ಇವುಗಳಲ್ಲಿ ಒಂದಿದ್ದರೂ ನೀವು ಸುಮ್ನೆ ಮುಚ್ಚಿ, ಅನುಭವಿ ಟೆಕ್ನಿಷಿಯನ್ ಕರೆಸಿ. ಇಡೀ ಪಿಯಾನೋ ಅರ್ಧ ಸ್ವರದಷ್ಟು ಇಳಿದಿದ್ದರೂ ಮೊದಲ ಸಲ ಅವರೇ ಮಾಡಲಿ. ಎಲ್ಲ ತಂತಿ ಏರಿಸುತ್ತಾ ಹೋದರೆ ಒಟ್ಟು ಎಳೆತ ಟನ್‌ಗಟ್ಟಲೆ ಹೆಚ್ಚುತ್ತದೆ. ಮೊದಲು ಏರಿಸಿದ ತಂತಿಗಳು ಅಷ್ಟರಲ್ಲಿ ಮತ್ತೆ ಇಳಿದಿರುತ್ತವೆ. ಅದಕ್ಕೆ ಅವರು ಬೇಕೆಂದೇ ಗುರಿಗಿಂತ ಮೇಲಕ್ಕೆ ಎಳೆಯುತ್ತಾರೆ, ಮಧ್ಯಭಾಗದಲ್ಲಿ ಕೊರತೆಯ ಸುಮಾರು ಕಾಲು ಭಾಗದಷ್ಟು. ಆಮೇಲೆ ಎರಡನೇ ಸುತ್ತು ಹಾಕುತ್ತಾರೆ. ಮನೆಯಲ್ಲಿ ಕಲಿಯುವವರ ಕೆಲಸ ಅಲ್ಲ ಇದು.

ಇನ್ನೊಂದು ಮಾತು. ಈಗಿನ ಶ್ರುತಿ, ಅಂದರೆ ಎ ಸ್ವರಕ್ಕೆ 440 ಹರ್ಟ್ಸ್, ಅಂತರರಾಷ್ಟ್ರೀಯವಾಗಿ ಒಪ್ಪಿತವಾದದ್ದು 1939ರಲ್ಲಿ, ಲಂಡನ್ನಿನ ಸಭೆಯಲ್ಲಿ. ಅದಕ್ಕೂ ಮೊದಲು ಫ್ರಾನ್ಸ್ 1859ರಲ್ಲಿ 435 ಅಂತ ಕಾನೂನು ಮಾಡಿತ್ತು. ಬಹಳ ಹಳೇ ಪಿಯಾನೋ ನಿಮ್ಮಲ್ಲಿದ್ದು, ತಂತಿ ದುರ್ಬಲವಾಗಿದ್ದರೆ, 435ರಲ್ಲೇ ಬಿಡಿ. ಒಬ್ಬರೇ ನುಡಿಸುವುದಾದರೆ ಯಾರಿಗೆ ಏನು ನಷ್ಟ? ವ್ಯತ್ಯಾಸ ಬರೀ 20 ಸೆಂಟ್ಸ್.

ಶ್ರುತಿಗಿಂತ ಮೊದಲು ಹವೆ

ಮಳೆಗಾಲದಲ್ಲಿ ಪಿಯಾನೋ ಶ್ರುತಿ ಇಳಿಯುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ. ಆಗುವುದು ಉಲ್ಟಾ. ಸೌಂಡ್‌ಬೋರ್ಡ್ ತೆಳುವಾದ ಸ್ಪ್ರೂಸ್ ಮರ. ತೇವ ಹೀರಿ ಉಬ್ಬುತ್ತದೆ, ಕುದುರೆಯನ್ನು ಮೇಲಕ್ಕೆ ನೂಕುತ್ತದೆ, ತಂತಿ ಬಿಗಿಯಾಗುತ್ತದೆ. ಶ್ರುತಿ ಏರುತ್ತದೆ. ಬೇಸಿಗೆಯಲ್ಲಿ ಮರ ಒಣಗಿದಾಗ ಇಳಿಯುತ್ತದೆ. ಎಲ್ಲ ಸ್ವರವೂ ಒಂದೇ ಸಮ ಏರಿಳಿದರೆ ಪರವಾಗಿರಲಿಲ್ಲ. ಮಧ್ಯಭಾಗ ಹೆಚ್ಚು ಅಲುಗಾಡುತ್ತದೆ, ಎಡಗಡೆಯ ದಪ್ಪ ತಂತಿಗಳು ಅಷ್ಟಾಗಿ ಕದಲುವುದಿಲ್ಲ. ಎರಡೂ ಕೈ ಜೊತೆಯಾಗಿ ನುಡಿಸಿದಾಗ ಜಗಳ ಕೇಳಿಸುವುದು ಅದಕ್ಕೇ.

ಪಿಯಾನೋಗೆ ಹಿತವಾದ ಆರ್ದ್ರತೆ ಹೆಚ್ಚುಕಡಿಮೆ 40ರಿಂದ 60 ಶೇಕಡಾ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಇದಕ್ಕಿಂತ ಎಷ್ಟೋ ಕೆಳಗೆ, ಮಂಗಳೂರಿನ ಜುಲೈ ಎಷ್ಟೋ ಮೇಲೆ. ಎರಡನ್ನೂ ನಾವು ಬದಲಾಯಿಸಲು ಆಗದು. ಏರಿಳಿತವನ್ನು ಕಡಿಮೆ ಮಾಡಬಹುದು, ಅಷ್ಟೆ.

ಮೊದಲು ಆರ್ದ್ರತೆ ಅಳೆಯುವ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ತಂದು ಪಿಯಾನೋದ ಒಳಗೆ ಇಡಿ. ಅಗ್ಗದವು ಸುಳ್ಳು ಹೇಳುವುದುಂಟು. ಪರೀಕ್ಷೆ ಅಡುಗೆಮನೆಯಲ್ಲೇ ಮಾಡಬಹುದು. ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ನಾಲ್ಕು ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಗಾಳಿ ಆಡದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ, ನಿಮ್ಮ ಮೀಟರ್ 5 ಕಮ್ಮಿ ಹೇಳುತ್ತದೆ ಅಂತ ಅದರ ಬೆನ್ನಿಗೆ ಬರೆದು ಅಂಟಿಸಿ.

ಆಮೇಲೆ ಜಾಗ. ಮಳೆ ಹೊಡೆಯುವ ಹೊರಗೋಡೆಗೆ ಆನಿಸಬೇಡಿ, ಒಳಗೋಡೆ ಹುಡುಕಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ಕಿಟಕಿಯ ಬಿಸಿಲು, ಎಸಿಯ ನೇರ ಗಾಳಿ, ಅಡುಗೆಮನೆಯ ಹಬೆ ಮೂರೂ ಬೇಡ. ಅಪ್‌ರೈಟ್ ಒಂದರ ತೂಕ ಸಾಮಾನ್ಯವಾಗಿ 200 ಕಿಲೋ ಮೀರುತ್ತದೆ, ಭಾರವೆಲ್ಲ ಹಿಂಭಾಗಕ್ಕೆ. ಸರಿಸುವಾಗ ಹಿಂದಕ್ಕೆ ಮಗುಚುವ ಅಪಾಯ ಜಾಸ್ತಿ. ಇಬ್ಬರಿಗಿಂತ ಕಡಿಮೆ ಜನ ಇದ್ದರೆ ಮುಟ್ಟಬೇಡಿ, ಮಕ್ಕಳನ್ನು ದೂರ ಕಳಿಸಿ.

ಹಳೇ ಮನೆಗಳಲ್ಲಿ ಮಳೆಗಾಲದಲ್ಲಿ ಕೆಳಹಲಗೆಯ ಹಿಂದೆ ಸಣ್ಣ ಬಲ್ಬ್ ಉರಿಸಿಡುವ ರೂಢಿ ಇತ್ತು. ಬಿಸಿಗೆ ತೇವ ಆರುತ್ತದೆ, ನಿಜ. ಆದರೆ ಒಣಮರ, ಉಣ್ಣೆ, ದೂಳು ಇರುವ ಪೆಟ್ಟಿಗೆಯಲ್ಲಿ ಬಿಸಿ ಬಲ್ಬ್ ಇಟ್ಟು ನೆಮ್ಮದಿಯಾಗಿ ಮಲಗಲು ನನಗಂತೂ ಆಗದು. ಅದರ ಬದಲು ಪಿಯಾನೋದೊಳಗೇ ಕೂರಿಸುವ ಕಡಿಮೆ ವ್ಯಾಟಿನ ಬಿಸಿಕಡ್ಡಿ ಸಿಗುತ್ತದೆ. ತೇವ ನೋಡಿ ತಾನೇ ಆಫ್ ಆಗುವ ಹ್ಯುಮಿಡಿಸ್ಟಾಟ್ ಜೊತೆಗಿರಲಿ. ಇಲ್ಲದಿದ್ದರೆ ನೀವು ಆಫ್ ಮಾಡಲು ಮರೆತು, ಮಾರ್ಚಿನಲ್ಲಿ ಮರ ಬಿರಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳು ಬೆಂಗಳೂರಿನಲ್ಲಿ ಒಂದಿಷ್ಟು ಸಹಾಯ ಮಾಡುತ್ತವೆ. ಕರಾವಳಿಯಲ್ಲಿ ಅವು ಎರಡೇ ದಿನಕ್ಕೆ ಕೈಚೆಲ್ಲುತ್ತವೆ. ಅಲ್ಲಿ ಕೋಣೆಗೇ ಒಂದು ಡಿಹ್ಯುಮಿಡಿಫೈಯರ್ ಬೇಕು.

ವರ್ಷಕ್ಕೆ ಎರಡು ಸಲ ಶ್ರುತಿ ಮಾಡಿಸಬೇಕು ಅನ್ನುವುದು ಸಾಮಾನ್ಯ ಸಲಹೆ. ಯಾವಾಗ ಅನ್ನುವುದು ಅದಕ್ಕಿಂತ ಮುಖ್ಯ. ಹವೆ ಬದಲಾದ ಕೂಡಲೇ ಮಾಡಿಸಬೇಡಿ. ಮರ ಹೊಸ ಹವೆಗೆ ಹೊಂದಿಕೊಳ್ಳಲು ಮೂರ್ನಾಲ್ಕು ವಾರ ಬೇಕು. ನಾನು ದೀಪಾವಳಿ ಕಳೆದ ಮೇಲೆ ಒಂದು, ಜುಲೈ ಕೊನೆಯಲ್ಲಿ ಒಂದು ಇಟ್ಟುಕೊಂಡಿದ್ದೇನೆ.

ಸಾಮಾನು

ಟ್ಯೂನಿಂಗ್ ಲಿವರ್ ಒಂದು ಬೇಕೇ ಬೇಕು. ತುದಿಗೆ ನಕ್ಷತ್ರದಾಕಾರದ ಬಾಯಿ ಇರುವಂಥದ್ದು, 2ನೇ ನಂಬರಿನದು ಹೆಚ್ಚಿನ ಪಿಯಾನೋಗಳಿಗೆ ಹೊಂದುತ್ತದೆ. ಗ್ಯಾರೇಜಿನ ಸ್ಪ್ಯಾನರ್ ಹಾಕಿ ತಿರುಗಿಸಲು ಹೋಗಬೇಡಿ. ಪಿನ್ನಿನ ಮೂಲೆ ಸವೆದರೆ ಮುಂದೆ ಯಾವ ಲಿವರೂ ಹಿಡಿಯುವುದಿಲ್ಲ. ತಂತಿಗಳ ನಡುವೆ ತೂರಿಸಿ ಸದ್ದಡಗಿಸಲು ಮ್ಯೂಟ್‌ಗಳು ಬೇಕು. ಎರಡು ರಬ್ಬರ್ ಬೆಣೆ, ಒಂದು ಇಕ್ಕಳದ ಹಾಗಿರುವ ಪ್ಯಾಪ್ಸ್ ಮ್ಯೂಟ್, ಒಂದು ಉದ್ದನೆಯ ಫೆಲ್ಟ್ ಪಟ್ಟಿ. ಅಪ್‌ರೈಟಿನಲ್ಲಿ ತಂತಿಗೆ ಬಡಿಯುವ ಹ್ಯಾಮರ್‌ಗಳು ಅಡ್ಡ ಬರುವುದರಿಂದ ಪ್ಯಾಪ್ಸ್ ಮ್ಯೂಟೇ ಹೆಚ್ಚು ಕೆಲಸಕ್ಕೆ ಬರುತ್ತದೆ. 440ರ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಇದ್ದರೆ ಒಳ್ಳೆಯದು.

ಫೋನಿನ ಆ್ಯಪ್ ಬಗ್ಗೆ ಒಂದು ಎಚ್ಚರಿಕೆ. ಗಿಟಾರ್ ಟ್ಯೂನರ್ ಆ್ಯಪ್ ಹಾಕಿಕೊಂಡು 88 ಕೀಗೂ ಮುಳ್ಳು ಮಧ್ಯಕ್ಕೆ ತಂದರೆ ಪಿಯಾನೋ ಸಪ್ಪೆಯಾಗಿ, ತುದಿಗಳಲ್ಲಿ ಅಪಸ್ವರವಾಗಿ ಕೇಳುತ್ತದೆ. ಪಿಯಾನೋ ತಂತಿ ಗಡುಸು. ಮೂಲಸ್ವರದ ಜೊತೆಗೇ ಮೇಲೆ ಕೇಳಿಸುವ ಅದರ ಉಪಸ್ವರಗಳು ಲೆಕ್ಕಕ್ಕಿಂತ ಸ್ವಲ್ಪ ಮೇಲೆ ಬೀಳುತ್ತವೆ. ಹಾಗಾಗಿ ಸ್ಥಾಯಿಗಳನ್ನೂ ಒಂಚೂರು ಹಿಗ್ಗಿಸಬೇಕು. ಬಲತುದಿ ತಲುಪುವಾಗ ಲೆಕ್ಕದ ಸ್ವರಕ್ಕಿಂತ 20–30 ಸೆಂಟ್ಸ್ ಮೇಲಿರುವುದು ಮಾಮೂಲು. ಎಷ್ಟು ಹಿಗ್ಗಿಸಬೇಕು ಅನ್ನುವುದು ಪ್ರತಿ ಪಿಯಾನೋಗೂ ಬೇರೆ. ಗಿಡ್ಡ ಪಿಯಾನೋಗೆ ಹೆಚ್ಚು. ಟ್ಯೂನ್‌ಲ್ಯಾಬ್, ಪಿಯಾನೋಮೀಟರ್, ಉಚಿತವಾಗಿ ಸಿಗುವ ಎಂಟ್ರೊಪಿ ಪಿಯಾನೋ ಟ್ಯೂನರ್ ಇವೆಲ್ಲ ನಿಮ್ಮ ಪಿಯಾನೋದ ಸ್ವರಗಳನ್ನು ಕೇಳಿಸಿಕೊಂಡು ಅದಕ್ಕೇ ಅಂತ ಲೆಕ್ಕ ಹಾಕುತ್ತವೆ.

ಮೊದಲ ಹೆಜ್ಜೆ: ಮೂರು ತಂತಿ, ಒಂದು ಸ್ವರ

ಮನೆಯಲ್ಲಿ ಪಿಯಾನೋ ಇರುವ ಪ್ರತಿಯೊಬ್ಬರೂ ಕಲಿಯಬಹುದಾದ ಕೆಲಸ ಇದೊಂದೇ ಅಂತ ನನ್ನ ಅಭಿಪ್ರಾಯ. ಟ್ಯೂನರ್ ಬಂದು ಹೋದ ಮೇಲೆ ಮೊದಲು ಕೆಡುವುದೂ ಇದೇ. ಇದನ್ನು ಸರಿಮಾಡಿಕೊಂಡರೆ ಅರ್ಧ ಕಷ್ಟ ಕಳೆಯಿತು.

ಮಧ್ಯದ ಸಿ ಕೀಯ ಬಲಕ್ಕಿರುವ ಎ ತೆಗೆದುಕೊಳ್ಳಿ. ಇದನ್ನು ಎ4 ಅನ್ನುತ್ತಾರೆ, 440ರ ಸ್ವರ. ಮೆತ್ತಗೆ ನುಡಿಸುವ ನಡುವಿನ ಪೆಡಲ್ ಸಿಕ್ಕಿಕೊಂಡಿದ್ದರೆ ಬಿಡಿಸಿ. ಕೀ ಒತ್ತಿ, ಯಾವ ಹ್ಯಾಮರ್ ಯಾವ ಮೂರು ತಂತಿಗೆ ಬಡಿಯುತ್ತದೆ ನೋಡಿ. ಆ ತಂತಿಗಳನ್ನು ಬೆರಳಿನಿಂದಲ್ಲ, ಕಣ್ಣಿನಿಂದ ಹಿಂಬಾಲಿಸುತ್ತಾ ಪಿನ್‌ವರೆಗೆ ಹೋಗಿ. ಬೆರಳಿನ ಬೆವರು ತುಕ್ಕು ಹಿಡಿಸುತ್ತದೆ.

ಬಲಗಡೆಯ ತಂತಿಗೆ ಮ್ಯೂಟ್ ಹಾಕಿ. ಈಗ ಎಡ ಮತ್ತು ನಡುವಿನ ತಂತಿ ಮಾತ್ರ ನುಡಿಯುತ್ತವೆ. ಕೀ ಒತ್ತಿ ಹಿಡಿದು ಕೇಳಿ. ಶ್ರುತಿ ಕೂಡದ ತಂಬೂರಿಯ ಎರಡು ಸಾರಣಿಗಳಲ್ಲಿ ಕೇಳುತ್ತದಲ್ಲ, ವಾಂವ್… ವಾಂವ್… ಅನ್ನುವ ಅಲೆ, ಅದೇ ಇಲ್ಲೂ ಇದೆ. ಅಲೆ ಬೇಗ ಬೇಗ ಬಂದರೆ ಎರಡೂ ದೂರ. ನಿಧಾನವಾದರೆ ಹತ್ತಿರ. ನಿಂತೇ ಹೋದರೆ ಸೇರಿದವು.

ಮೂರರಲ್ಲಿ ಯಾವುದು ಜಾರಿದೆ ಅಂತ ತಿಳಿಯಬೇಕಲ್ಲ? ಒಂದೊಂದನ್ನೇ ನುಡಿಸಿ, ಒಂದು ಸ್ಥಾಯಿ ಕೆಳಗಿನ ಎ ಜೊತೆ ಹೋಲಿಸಿ. ಅಥವಾ ಆ್ಯಪ್ ಕೇಳಿ. ಸರಿಯಿರುವುದನ್ನು ಮುಟ್ಟಬೇಡಿ.

ಈಗ ಲಿವರ್. ಪಿನ್‌ಗೆ ಪೂರ್ತಿ ಒಳಗೆ ಕೂರಿಸಿ. ಹಿಡಿ ಗಡಿಯಾರದ 12 ಅಥವಾ 1ರ ಕಡೆ ನಿಲ್ಲಲಿ. ಬಲಗೈಯಲ್ಲಿ ಹಿಡಿ, ಎಡಗೈಯಲ್ಲಿ ಕೀ. ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ಸಡಿಲ. ಏರಿಸುವುದಿದ್ದರೂ ಮೊದಲು ಒಂದು ಕೂದಲೆಳೆಯಷ್ಟು ಇಳಿಸಿ. ತುಕ್ಕು ಹಿಡಿದು ಅಂಟಿಕೊಂಡ ಜಾಗ ಬಿಡುತ್ತದೆ, ತಂತಿ ಹರಿಯುವ ಸಂಭವ ಕಡಿಮೆ. ಆಮೇಲೆ ಮೆಲ್ಲಗೆ ಏರಿಸಿ. ಮೆಲ್ಲಗೆ ಅಂದರೆ ಎಷ್ಟು? ಹಿಡಿ ಕದಲಿದ್ದು ಕಣ್ಣಿಗೆ ಕಂಡರೆ ಜಾಸ್ತಿಯಾಯಿತು ಅಂತಲೇ ಲೆಕ್ಕ. ಕೀಯನ್ನು ಮತ್ತೆ ಮತ್ತೆ ಒತ್ತುತ್ತಲೇ ಇರಿ.

ಲಿವರ್ ತಿರುಗಿಸುತ್ತಿದ್ದೀರಿ, ಆದರೆ ಸ್ವರ ಬದಲಾಗುತ್ತಿಲ್ಲ. ಅಲ್ಲೇ ನಿಲ್ಲಿಸಿ! ನೀವು ಬೇರೆ ಪಿನ್ ಮೇಲಿದ್ದೀರಿ. ನಾನು ಮೊದಲ ವಾರ ಇದೇ ತಪ್ಪು ಮಾಡಿ, "ಇದೇನು, ಏರುತ್ತಲೇ ಇಲ್ಲ" ಅಂತ ಇನ್ನೊಂದಿಷ್ಟು ತಿರುಗಿಸಿದೆ. ಮ್ಯೂಟ್ ಹಾಕಿದ್ದ ಪಕ್ಕದ ತಂತಿ ಪಟಾಕಿಯಂತೆ ಸಿಡಿಯಿತು. ಕನ್ನಡಕ ಹಾಕಿದ್ದರಿಂದ ಕಣ್ಣು ಉಳಿಯಿತು. ನಿಮಗೆ ಕನ್ನಡಕ ಇಲ್ಲದಿದ್ದರೆ ಸಾದಾ ಗಾಜಿನದಾದರೂ ಒಂದು ಹಾಕಿಕೊಳ್ಳಿ.

ಎಡ ಮತ್ತು ನಡು ಸೇರಿದ ಮೇಲೆ ಮ್ಯೂಟನ್ನು ಎಡಕ್ಕೆ ಬದಲಾಯಿಸಿ, ಬಲಗಡೆಯದನ್ನು ನಡುವಿನದಕ್ಕೆ ಸೇರಿಸಿ. ಕೊನೆಗೆ ಮೂರನ್ನೂ ಒಟ್ಟಿಗೆ ಕೇಳಿ. ಇಲ್ಲಿ ಅಮ್ಮನ ಕಿವಿಯ ಮಾತೇ ಅಂತಿಮ. ಅಲೆ ಪೂರ್ತಿ ನಿಲ್ಲಬೇಕು, ಲೆಕ್ಕಾಚಾರ ಏನೂ ಇಲ್ಲ.

ಪಿನ್ ಕೂರಿಸುವುದು

ಟ್ಯೂನರ್‌ಗಳು ವರ್ಷಗಟ್ಟಲೆ ಕಲಿಯುವುದು ಇದನ್ನು. ಕಿವಿಯ ಕೆಲಸ ಬೇಗ ಬರುತ್ತದೆ. ಕೈಯ ಕೆಲಸ ನಿಧಾನ.

ಲಿವರ್ ತಿರುಗಿಸಿದಾಗ ಪಿನ್ನಿನ ತಲೆ ಮೊದಲು ತಿರುಚಿಕೊಳ್ಳುತ್ತದೆ, ಬುಡ ಆಮೇಲೆ ಕದಲುತ್ತದೆ. ತಂತಿಯೂ ಹಾಗೇ. ಮೇಲ್ಗಡೆಯ ಒತ್ತುಪಟ್ಟಿಯ ಕೆಳಗೆ ತೂರಿ ಹೋಗುವಲ್ಲಿ ಅದು ಬಿಗಿಯಾಗಿ ಹಿಡಿದಿರುತ್ತದೆ, ಪಿನ್ ಎಳೆದಷ್ಟೂ ಕೂಡಲೇ ಜಾರಿ ಬರುವುದಿಲ್ಲ. ನೀವು ಸ್ವರ ಸರಿಯಾಯಿತು ಅಂತ ಲಿವರ್ ತೆಗೆಯುತ್ತೀರಿ. ತಿರುಚಿಕೊಂಡಿದ್ದ ಪಿನ್ ಬಿಚ್ಚಿಕೊಳ್ಳುತ್ತದೆ. ಸ್ವರ ಹೋಯಿತು.

ಉಪಾಯ ಹೀಗೆ. ಬೇಕಾದ ಸ್ವರಕ್ಕಿಂತ ಎರಡು ಮೂರು ಸೆಂಟ್ಸ್ ಮೇಲಕ್ಕೆ ತನ್ನಿ. ಕೀಯನ್ನು ಎರಡು ಸಲ ಜೋರಾಗಿ ಬಡಿಯಿರಿ, ತಂತಿಯ ಎಳೆತ ಎರಡೂ ಕಡೆ ಸಮವಾಗಲಿ. ಆಮೇಲೆ ಲಿವರನ್ನು ತಿರುಗಿಸದೆ, ಎಡಕ್ಕೆ ಬರೀ ಒತ್ತಡ ಕೊಟ್ಟು ಸ್ವರವನ್ನು ಕೆಳಗೆ ಕೂರಿಸಿ. ಲಿವರ್ ತೆಗೆದು ಮತ್ತೆ ಮೂರು ಸಲ ಬಡಿಯಿರಿ. ಸ್ವರ ಅಲ್ಲೇ ಇದ್ದರೆ ಪಿನ್ ಕೂತಿತು. ಇಳಿದರೆ ಮತ್ತೆ ಮೊದಲಿಂದ. ಹಿಡಿಯನ್ನು ಹೊರಗೆ ಅಥವಾ ಒಳಗೆ ಬಗ್ಗಿಸಬೇಡಿ. ಸ್ವರ ಬದಲಾದ ಹಾಗೆ ಅನಿಸುತ್ತದೆ, ಆದರೆ ಪಿನ್ ಬಾಗಿ ತೂತು ಸಡಿಲವಾಗುತ್ತದೆ.

ಕೆಲವು ಪಿನ್‌ಗಳು ಬೆಣ್ಣೆಯಲ್ಲಿ ಚುಚ್ಚಿದ ಹಾಗೆ ತಿರುಗುತ್ತವೆ, ಎಷ್ಟು ಮಾಡಿದರೂ ನಿಲ್ಲುವುದಿಲ್ಲ. ಅಂಥದಕ್ಕೆ ಒಂದು ಅಳತೆ ದಪ್ಪದ ಪಿನ್ ಹಾಕಬೇಕು. ಟೆಕ್ನಿಷಿಯನ್‌ಗೆ ಬಿಡಿ.

ಒಂದು ವಾರ ಬರೀ ಎ4 ಒಂದರ ಮೇಲೆ ಅಭ್ಯಾಸ ಮಾಡಿ. ಒಂದು ತಂತಿಯನ್ನು ಬೇಕಂತಲೇ ಕೆಡಿಸಿ, ಸರಿಮಾಡಿ. ಬಲತುದಿಯ ಸಣ್ಣ ತಂತಿಗಳಿಗೆ ಕೈ ಹಾಕುವುದು ಕೊನೆಗೆ. ಅಲ್ಲಿ ಕೂದಲೆಳೆ ಕದಲಿದರೂ ಸ್ವರ ಹಾರಿಹೋಗುತ್ತದೆ.

ಎರಡನೇ ಹೆಜ್ಜೆ: ನಡುವಿನ ಹದಿಮೂರು ಸ್ವರ

ಇನ್ನು ಪೂರ್ತಿ ಶ್ರುತಿ. ಇದು ಎಲ್ಲರಿಗೂ ಬೇಕಿಲ್ಲ. ಒಂದೆರಡು ತಿಂಗಳು ಮೇಲಿನದನ್ನು ಮಾಡಿ ಕೈ ಪಳಗಿದವರು ಮುಂದೆ ಓದಿ.

ಫೆಲ್ಟ್ ಪಟ್ಟಿಯನ್ನು ತಂತಿಗುಂಪುಗಳ ನಡುವಿನ ಸಂದುಗಳಿಗೆ ತೂರಿಸುತ್ತಾ ಹೋಗಿ. ಪ್ರತಿ ಕೀಯ ನಡುವಿನ ತಂತಿ ಮಾತ್ರ ನುಡಿಯಬೇಕು. ಎಫ್3ರಿಂದ ಎ4ವರೆಗೆ ಹೀಗೆ ಮಾಡಿ. ಎಫ್3 ಅಂದರೆ ಮಧ್ಯದ ಸಿಗಿಂತ ಎಡಕ್ಕಿರುವ ಮೊದಲ ಎಫ್.

ಶ್ರುತಿಕವೆಗೆ ಎ4 ಸೇರಿಸಿ, ಅಲೆ ನಿಲ್ಲಬೇಕು. ಅದಕ್ಕೆ ಒಂದು ಸ್ಥಾಯಿ ಕೆಳಗಿನ ಎ3 ಸೇರಿಸಿ, ಇಲ್ಲೂ ಅಲೆ ನಿಲ್ಲಬೇಕು. ಇಲ್ಲಿಯವರೆಗೆ ತಂಬೂರಿಯವರಿಗೆ ನೀರು ಕುಡಿದಷ್ಟು ಸುಲಭ.

ಈಗ ಚುಚ್ಚುವ ಗಾಂಧಾರ. ಎಫ್3 ಷಡ್ಜವಾದರೆ ಎ3 ಅದರ ಅಂತರ ಗಾಂಧಾರ. ಎರಡನ್ನೂ ಒಟ್ಟಿಗೆ ಒತ್ತಿ, ಎಫ್3 ತಂತಿಯನ್ನು ಹೊಂದಿಸಿ. ಮೊದಲು ಅಲೆ ನಿಲ್ಲುವ ಜಾಗ ಹುಡುಕಿ. ಅದು ಅಮ್ಮನ ಗಾಂಧಾರ. ಅಲ್ಲಿಂದ ಎಫ್3 ಅನ್ನು ಇಳಿಸುತ್ತಾ ಬನ್ನಿ, ಸೆಕೆಂಡಿಗೆ 7 ಅಲೆ ಬರುವವರೆಗೆ. ಏಳನ್ನು ಹೇಗೆ ಎಣಿಸುವುದು ಅಂತ ಪಾಶ್ಚಾತ್ಯರು ತಲೆ ಕೆಡಿಸಿಕೊಳ್ಳಲಿ, ನಮಗೆ ಮಿಶ್ರ ಇದೆಯಲ್ಲ! ಗೋಡೆ ಗಡಿಯಾರದ ಒಂದು ಟಿಕ್‌ಗೆ 'ತಕಿಟ ತಕಧಿಮಿ' ಒಂದು ಸಲ. ಆ ವೇಗ ಬಾಯಿಗೆ ಬಂದರೆ ಕಿವಿ ತಾನೇ ಹಿಡಿಯುತ್ತದೆ.

ಎಫ್3ಗೆ ಸ್ಥಾಯಿ ಮೇಲಿನ ಎಫ್4 ಸೇರಿಸಿ, ಅಲೆ ಇಲ್ಲದಂತೆ. ಆಮೇಲೆ ನಡುವಿನ ಸಿ ಶಾರ್ಪ್4, ಅಂದರೆ ಮಧ್ಯದ ಸಿಯ ಬಲಕ್ಕೆ ಅಂಟಿದ ಕಪ್ಪು ಕೀ. ಎ3ರಿಂದ ಸಿ ಶಾರ್ಪ್‌ಗೆ ಸೆಕೆಂಡಿಗೆ ಸುಮಾರು 8.7 ಅಲೆ, ಅಂದರೆ ಸಂಕೀರ್ಣದ ಒಂಬತ್ತಕ್ಕಿಂತ ಸ್ವಲ್ಪ ನಿಧಾನ. ಸಿ ಶಾರ್ಪ್‌ನಿಂದ ಎಫ್4ಗೆ 11. ಏಳು, ಒಂಬತ್ತರ ಹತ್ತಿರ, ಹನ್ನೊಂದು, ಹೀಗೆ ಮೂರೂ ಮೆಟ್ಟಿಲು ಹತ್ತಿದ ಹಾಗೆ ವೇಗವಾಗಬೇಕು. ಒಂದು ಮೆಟ್ಟಿಲು ಎಡವಿದಂತೆ ಕೇಳಿದರೆ ಎಫ್ ಅಥವಾ ಸಿ ಶಾರ್ಪ್ ತಪ್ಪಿದೆ. ಈ ನಾಲ್ಕು ಸ್ವರ ಗಟ್ಟಿಯಾಗದೆ ಮುಂದೆ ಹೋಗಬೇಡಿ. ನನಗೆ ಇದೊಂದಕ್ಕೇ ಒಂದು ಭಾನುವಾರ ಪೂರ್ತಿ ಹಿಡಿಯಿತು.

ಉಳಿದವನ್ನು ಪಂಚಮ ಮತ್ತು ಮಧ್ಯಮಗಳಿಂದ ತುಂಬಬೇಕು. ನಿಯಮ ಎರಡೇ. ಪಂಚಮ ಶುದ್ಧಕ್ಕಿಂತ ಚೂರು ಕಿರಿದು: ನಾಲ್ಕು ಸೆಕೆಂಡಿಗೆ ಮೂರು ಅಲೆ. ಮಧ್ಯಮ ಚೂರು ಹಿರಿದು: ಸೆಕೆಂಡಿಗೆ ಒಂದು ಅಲೆ. ಎ3ರ ಮಧ್ಯಮವಾಗಿ ಡಿ4 ಹೊಂದಿಸಿ, ಪಂಚಮವಾಗಿ ಇ4. ಡಿ4 ಯಾವುದರ ಪಂಚಮವೋ ಆ ಜಿ3, ಜಿ3ರ ಮಧ್ಯಮ ಸಿ4. ಇ4 ಯಾವುದರ ಮಧ್ಯಮವೋ ಆ ಬಿ3. ಎಫ್4 ಯಾವುದರ ಪಂಚಮವೋ ಆ ಎ ಶಾರ್ಪ್3, ಅದರ ಮಧ್ಯಮ ಡಿ ಶಾರ್ಪ್4. ಸಿ ಶಾರ್ಪ್4 ಪಂಚಮವಾಗುವ ಎಫ್ ಶಾರ್ಪ್3, ಅದೇ ಸಿ ಶಾರ್ಪ್4 ಮಧ್ಯಮವಾಗುವ ಜಿ ಶಾರ್ಪ್3. ಹದಿಮೂರೂ ಮುಗಿದವು.

ಪರೀಕ್ಷೆಗೆ ಎಫ್-ಎ, ಎಫ್ ಶಾರ್ಪ್-ಎ ಶಾರ್ಪ್, ಜಿ-ಬಿ ಅಂತ ಗಾಂಧಾರದ ಜೋಡಿಗಳನ್ನು ಒಂದೊಂದೇ ಮೇಲಕ್ಕೆ ನುಡಿಸಿ. ಅಲೆಯ ವೇಗ 7ರಿಂದ 11ಕ್ಕೆ ಒಂದೇ ಸಮನೆ ಏರಬೇಕು. ಮಧ್ಯದಲ್ಲಿ ಯಾವುದಾದರೂ ಹಿಂದೆ ಬಿದ್ದರೆ ಅಲ್ಲಿನ ಸ್ವರ ತಿದ್ದಿ.

ಮೂರನೇ ಹೆಜ್ಜೆ: ಎರಡೂ ಬದಿಗೆ

ಮೊದಲು ಪಟ್ಟಿಯನ್ನು ಒಂದೊಂದೇ ಸಂದಿನಿಂದ ಬಿಡಿಸುತ್ತಾ, ಪಕ್ಕದ ತಂತಿಗಳನ್ನು ನಡುವಿನದಕ್ಕೆ ಸೇರಿಸಿ. ಆಮೇಲೆ ಸ್ಥಾಯಿ ಸ್ಥಾಯಿಯಾಗಿ ಬಲಕ್ಕೆ, ಆಮೇಲೆ ಎಡಕ್ಕೆ. ಸ್ಥಾಯಿ ಸರಿ ಬಂತೇ ಅಂತ ನೋಡಲು ಒಳ್ಳೆಯ ಉಪಾಯವೊಂದಿದೆ. ಎ3-ಎ4 ಪರೀಕ್ಷಿಸಬೇಕಾದರೆ ಎಫ್3-ಎ3 ನುಡಿಸಿ ಅಲೆ ಕೇಳಿ, ಕೂಡಲೇ ಎಫ್3-ಎ4 ನುಡಿಸಿ. ಎರಡರ ವೇಗವೂ ಒಂದೇ ಇದ್ದರೆ ಸರಿ. ಕೆಳಗಿನ ದಪ್ಪ ತಂತಿಗಳಲ್ಲಿ ಅಲೆ ಗುರುತಿಸುವುದು ನನಗೆ ಈಗಲೂ ಕಷ್ಟ. ಅಲ್ಲಿ ನಾಚಿಕೆ ಬಿಟ್ಟು ಆ್ಯಪ್ ನೋಡುತ್ತೇನೆ. ಟ್ಯೂನರ್ ಒಂದೂವರೆ ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ನಿಮಗೆ ಮೊದಲ ಸಲ ಎರಡು ದಿನ ಬೇಕಾದೀತು. ಫ್ಯಾನ್ ಆಫ್ ಮಾಡಿ, ಮಿಕ್ಸಿ ಹಾಕಬೇಡಿ ಅಂತ ಮನೆಯವರಿಗೆ ಮೊದಲೇ ಹೇಳಿಡಿ.

ನುಸಿ, ಇಲಿ, ಅಂಟಿದ ಕೀ

ಹ್ಯಾಮರ್, ಕೀ ಬಿಟ್ಟಾಗ ಸದ್ದು ನಿಲ್ಲಿಸುವ ಡ್ಯಾಂಪರ್ ಎಲ್ಲ ಉಣ್ಣೆಯ ಫೆಲ್ಟ್. ಬಟ್ಟೆ ನುಸಿಗೆ ಹಬ್ಬದೂಟ. ನುಸಿಗುಳಿಗೆಯನ್ನು ಸಣ್ಣ ಬಟ್ಟೆ ಚೀಲದಲ್ಲಿ ಕಟ್ಟಿ ಕೆಳಭಾಗದಲ್ಲಿ ನೇತುಹಾಕಿ. ಮರಕ್ಕೋ ತಂತಿಗೋ ತಾಗಬಾರದು. ಬಂದು ಹೋಗುವ ಮಕ್ಕಳಿಗೆ ಅದು ಸಿಗದಂತೆ ನೋಡಿಕೊಳ್ಳಿ. ಪೆಡಲ್‌ಗಳ ಸಂದಿಯಿಂದ ಇಲಿ ನುಗ್ಗುತ್ತದೆ, ಒಳಗಿನ ಪಟ್ಟಿಗಳನ್ನು ಕಡಿದು ಗೂಡು ಕಟ್ಟುತ್ತದೆ. ಗೆದ್ದಲು ಹಿಂದಿನ ಕಂಬಗಳಿಂದ ಶುರು ಮಾಡುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಹಿಂಬದಿಗೆ ಟಾರ್ಚ್ ಹಾಕಿ. ಎಲ್ಲಕ್ಕಿಂತ ಒಳ್ಳೆಯ ಮದ್ದು ದಿನಾ ನುಡಿಸುವುದು. ಸದ್ದಾಗುವ ಪೆಟ್ಟಿಗೆಯಲ್ಲಿ ಯಾವ ಇಲಿಯೂ ನೆಮ್ಮದಿಯಾಗಿ ಸಂಸಾರ ಹೂಡುವುದಿಲ್ಲ.

ಮಳೆಗಾಲದಲ್ಲಿ ಕೀ ಅಂಟಿಕೊಂಡರೆ ಮನೆಯ ಹಿರಿಯರೊಬ್ಬರು ಕೊಬ್ಬರಿ ಎಣ್ಣೆ ಬಾಟಲಿ ಹಿಡಿದು ಬಂದೇ ಬರುತ್ತಾರೆ. ತಡೆಯಿರಿ. ಎಣ್ಣೆ ಫೆಲ್ಟಿಗೆ ಇಳಿದರೆ ಇನ್ನೂ ಅಂಟಾಗುತ್ತದೆ, ಪಿನ್‌ಬ್ಲಾಕಿಗೆ ತಾಗಿದರೆ ಪಿನ್‌ಗಳು ಜನ್ಮದಲ್ಲಿ ನಿಲ್ಲುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ. ಮೊದಲು ಎರಡು ಕೀ ನಡುವೆ ನಾಣ್ಯ, ಪೆನ್ಸಿಲ್ ತುಂಡು ಬಿದ್ದಿದೆಯೇ ನೋಡಿ. ಎಷ್ಟೋ ಸಲ ಅಷ್ಟೇ ಇರುತ್ತದೆ. ಕೀಗಳ ಮುಂದಿನ ಉದ್ದನೆಯ ಮರದ ಪಟ್ಟಿ ಉಬ್ಬಿ ಉಜ್ಜುತ್ತಿದ್ದರೆ, ಅದರ ಸ್ಕ್ರೂ ಬಿಚ್ಚಿ ಹಿಂದೆ ತೆಳುವಾದ ರಟ್ಟಿನ ಚೂರು ಇಟ್ಟು ಮತ್ತೆ ಹಾಕಿ. ತೇವ ಇಳಿದ ಮೇಲೆ ಕೀ ತಾನೇ ಸರಿಹೋಗುವುದೂ ಉಂಟು, ಹಾಗಾಗಿ ಒಂದು ವಾರ ಕಾಯಿರಿ.

ಯಾವುದೋ ಒಂದು ಸ್ವರಕ್ಕೆ ಜೀರ್ ಅಂತ ಸದ್ದು ಬಂದರೆ ತಂತಿಯನ್ನು ಬೈಯುವ ಮೊದಲು ಮೇಲಿಟ್ಟ ಫೋಟೋ, ಗಡಿಯಾರ, ದಸರಾ ಬೊಂಬೆ ಎಲ್ಲ ಇಳಿಸಿ ನೋಡಿ. ಹೂದಾನಿಯಂತೂ ಯಾವತ್ತೂ ಮೇಲಿಡಬೇಡಿ.

ಕೀ ಒರೆಸಲು ಹಿಂಡಿದ ಹತ್ತಿ ಬಟ್ಟೆ, ಹಿಂದಿನಿಂದ ನಿಮ್ಮ ಕಡೆಗೆ ಎಳೆಯುವ ಹಾಗೆ. ಅಡ್ಡಡ್ಡ ಒರೆಸಿದರೆ ನೀರು ಸಂದಿಗೆ ಇಳಿಯುತ್ತದೆ. ಬಿಳಿಗೆ ಒಂದು ಬಟ್ಟೆ, ಕಪ್ಪಿಗೆ ಬೇರೆ, ಹಳೆಯದರ ಕಪ್ಪು ಬಣ್ಣ ಬಿಡುತ್ತದೆ. ಸ್ಯಾನಿಟೈಸರ್ ಪ್ಲಾಸ್ಟಿಕ್ ಕೀಗಳನ್ನು ಮಂಕು ಮಾಡಿ ಬಿರುಕು ಬಿಡಿಸುತ್ತದೆ. ಕೈಗೆ ಹಾಕಿದ್ದರೆ ಆರಿದ ಮೇಲೆ ನುಡಿಸಿ. ಬಿಳಿ ಕೀಯ ಮೇಲೆ, ಕಪ್ಪು ಕೀ ಶುರುವಾಗುವ ಜಾಗದಲ್ಲಿ ಅಡ್ಡಕ್ಕೆ ಒಂದು ಸಣ್ಣ ಜೋಡಣೆ ಗೆರೆ ಕಂಡರೆ ಅದು ದಂತ ಇರಬಹುದು. ಅದಕ್ಕೆ ನೀರೂ ಕಡಿಮೆ ಮಾಡಿ.

ಹ್ಯಾಮರ್ ಗಡುಸಾಗಿ ಸ್ವರ ಕರ್ಕಶವಾದರೆ ಸೂಜಿ ಚುಚ್ಚಿ ಮೆದು ಮಾಡುತ್ತಾರೆ. ವಿಡಿಯೋ ನೋಡಿ ನೀವು ಮಾಡಬೇಡಿ. ಒಮ್ಮೆ ಜಾಸ್ತಿ ಮೆದುವಾದ ಫೆಲ್ಟನ್ನು ಹಿಂದಕ್ಕೆ ತರುವುದು ಸುಲಭವಲ್ಲ.

ಮುಗಿಸುವ ಮೊದಲು

ಶ್ರುತಿ ಮುಗಿದ ಮೇಲೆ ಅರ್ಧ ಗಂಟೆ ಜೋರಾಗಿ ನುಡಿಸಿ. ಸರಿಯಾಗಿ ಕೂರದ ಪಿನ್‌ಗಳು ಆಗಲೇ ಬಯಲಾಗುತ್ತವೆ. ಮೂರು ದಿನ ಬಿಟ್ಟು ಮೂರು ತಂತಿಗಳ ಕೀಗಳನ್ನೆಲ್ಲ ಮತ್ತೊಮ್ಮೆ ಕೇಳಿ, ಜಾರಿದವನ್ನು ಸರಿಮಾಡಿ. ಅಂದಿನ ದಿನಾಂಕ, ಆರ್ದ್ರತೆ, ಎ4 ಎಷ್ಟಿತ್ತು, ಎಷ್ಟಕ್ಕೆ ತಂದಿರಿ, ಯಾವ ಪಿನ್ ಸಡಿಲ ಇವನ್ನು ಬರೆದಿಡಿ. ಎರಡು ವರ್ಷದ ಲೆಕ್ಕ ಕೈಯಲ್ಲಿದ್ದರೆ ನಿಮ್ಮ ಪಿಯಾನೋ ಯಾವ ತಿಂಗಳು ಎಷ್ಟು ಏರುತ್ತದೆ ಅಂತ ಮೊದಲೇ ಹೇಳಬಹುದು. ಟ್ಯೂನರ್ ಬಂದಾಗ ಆ ಚೀಟಿ ಅವರಿಗೂ ಉಪಯೋಗ.

ಹಳೇ ಟ್ಯೂನರ್‌ಗಳು ಇದನ್ನು ಪಿಯಾನೋದ ಒಳಗೇ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ಎಡತುದಿಯ ಮೊದಲ ಕೀಯ ಪಕ್ಕದಲ್ಲೋ, ಮುಚ್ಚಳದ ಒಳಬದಿಯಲ್ಲೋ ಟಾರ್ಚ್ ಹಾಕಿ ನೋಡಿ, ನಿಮ್ಮದರಲ್ಲೂ ಇದ್ದೀತು. ನಮ್ಮದರಲ್ಲಿ ನಾಲ್ಕು ಕೈಬರಹಗಳಿವೆ. ಐದನೆಯದು ನನ್ನದು. ಅದರ ಪಕ್ಕದಲ್ಲಿ ಅಮ್ಮ ಸಣ್ಣಕ್ಷರದಲ್ಲಿ ಬರೆದಿದ್ದಾರೆ: "ಗಾಂಧಾರ ಇನ್ನೂ ಚುಚ್ಚುತ್ತೆ."